ಬೇರಿಲ್ಲದ ಮರದಲ್ಲಿ ಜೋಲಿ

ನನ್ನ ಮಗಳಿಗೆ ಆಗ ಏಳು ತಿಂಗಳು. ಮೊದಲ ಮಳೆ ಬಿದ್ದ ಮಾರನೆಯ ದಿನ ನಾನು, ನನ್ನ ಗಂಡ, ಅತ್ತೆ ಮೂವರೂ ಹಿರೇನಲ್ಲೂರಿನ ಆಚೆಗಿರುವ ನಮ್ಮ ಹೊಲಕ್ಕೆ ಹಳೆ ಬೆಳೆಯ ಕೂಳೆ ಆಯಲು ಹೋಗಿದ್ದೆವು. ಬದುವಿನ ಮೇಲಿನ ಮಾವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಮಗು ಮಲಗಿಸುವುದು ಮನೆಯ ರೂಢಿ. ನನ್ನ ಗಂಡನನ್ನೂ ಅದೇ ಮರದಲ್ಲಿ ತೂಗಿದ್ದರಂತೆ.

ಅವತ್ತು ಕಟ್ಟಿದ ಜೋಲಿಯ ಅಂಚಿನಲ್ಲಿ ಒಂದು ದುಂಬಿ ಕೂತಿತ್ತು. ಹೂವಿನ ದುಂಬಿಯಲ್ಲ, ನನ್ನ ಹೆಬ್ಬೆರಳಿಗಿಂತ ಉದ್ದ, ಸುಟ್ಟ ಬೆಲ್ಲದ ಬಣ್ಣ, ಬಾಗಿದ ಉದ್ದ ಮೀಸೆ, ಇಕ್ಕಳದಂಥ ಬಾಯಿ. ಕಡ್ಡಿಯಿಂದ ನೂಕಿದರೆ ಕಿರ್ರೆಂದಿತು. ಬುಡದಲ್ಲಿ ಮಣ್ಣು ಸರಿಸಿಕೊಂಡು ಇನ್ನೆರಡು ಮೇಲೆ ಬರುತ್ತಿದ್ದವು. ನಾನು ಮಗುವನ್ನು ಅವುಚಿಕೊಂಡೆ.

"ಎತ್ತರುಕ್ಕೆ ಕಟ್ಟೋ, ಅಲ್ಲೀಗಂಟ ಹತ್ತಲ್ಲ ಅವು," ಎಂದರು ಅತ್ತೆ ಮಗನಿಗೆ.

ನನ್ನ ಗಂಡ ಟ್ರಾಕ್ಟರಿನ ಟ್ರೇಲರ್ ಮೇಲೆ ನಿಂತು ಮೇಲಿನ ಕೊಂಬೆಗೆ ಜೋಲಿ ಬಿಗಿದು, ಮಗುವನ್ನು ಮಲಗಿಸಿ, ತೂಗಲು ಹಗ್ಗ ಇಳಿಬಿಟ್ಟು, ಗೊಬ್ಬರ ತರಲು ಟ್ರಾಕ್ಟರಿನಲ್ಲೇ ಕಡೂರಿಗೆ ಹೋದರು. ಮಗು ಹುಳದಿಂದ ಪಾರಾಯಿತಲ್ಲ ಎಂದು ನಾನು ಕೂಳೆಗೆ ಕೈ ಹಾಕಿದೆ. ಅತ್ತೆ ಹಗ್ಗ ಎಳೆಯುತ್ತಾ ಕೂತರು.

ಸ್ವಲ್ಪ ಹೊತ್ತಿಗೆ ನೀರು ಕೇಳಿಕೊಂಡು ಒಬ್ಬ ಸಾಹೇಬರು ಬಂದರು. ತರೀಕೆರೆಯವರು, ಮರ ಕೊಯ್ಯುವ ಕಸುಬು, ಅತ್ತೆಗೆ ಹಳೆಯ ಪರಿಚಯ.

"ಏನ್ ಸಾಹೇಬ್ರೇ, ನಮ್ಮ ಮರದ್ ಮೇಲೂ ಕಣ್ ಬಿತ್ತಾ?" ಎಂದು ಅತ್ತೆ ಛೇಡಿಸಿದರು.

ನಗುತ್ತಾ ಚೊಂಬು ಎತ್ತಿದವರು ಬುಡದ ದುಂಬಿ ನೋಡಿ ಹಾಗೇ ಕೆಳಗಿಟ್ಟರು. ಕುಕ್ಕರಗಾಲಲ್ಲಿ ಕೂತು ಒಂದು ಕೋಲನ್ನು ಬೇರಿಗೆ ಒತ್ತಿದರು. ಬಿಸಿ ಮುದ್ದೆಗೆ ಬೆರಳು ಇಳಿದ ಹಾಗೆ ಮೊಳದುದ್ದ ಕೋಲು ಒಳಗೆ ಹೋಯಿತು.

"ಅಮ್ಮಾ, ತೂಗ್ಬೇಡಿ," ಎಂದರು ಮೆಲ್ಲಗೆ. "ಇದರ ಮರಿಗಳು ವರ್ಷಾನುಗಟ್ಲೆ ಬೇರೊಳ್ಗೇ ಇದ್ದು ತಿಂತವೆ. ಮೇಲೆ ಹಸುರು, ಕೆಳಗೆ ಏನೂ ಉಳ್ದಿಲ್ಲ. ನೆಲ ಬಿರುಕು ಬಿಟ್ಟದೆ ನೋಡಿ. ಮಗೂನ ಇಳ್ಸಿ. ಜೋಲಿ ಮಾತ್ರ ಜಗ್ಬೇಡಿ."

ಓಡಿ ಬಂದೆ. ಕೈ ಚಾಚಿದರೆ ಬೆರಳಿಗೆ ಸಿಕ್ಕಿದ್ದು ಜೋಲಿಯ ತಳ ಅಷ್ಟೇ. ಬಟ್ಟೆಯೊಳಗೆ ಮಗಳ ಬೆನ್ನು ಬೆಚ್ಚಗಿತ್ತು. ಸಾಹೇಬರು ಬಿರುಕಿನ ಮೇಲೆ ಅಂಗೈ ಊರಿ, "ನೆಲ ಎದ್ರೆ ಕೂಗ್ತೀನಿ," ಎಂದರು.

ಅತ್ತೆ ನನ್ನ ಮುಂದೆ ಮಂಡಿಯೂರಿ ಬಗ್ಗಿದರು. "ಹತ್ತು."

ಕಾಲು ಏಳಲಿಲ್ಲ. ತಪ್ಪಿ ಕಾಲು ತಗುಲಿದರೂ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ನಾನು. ಬೆನ್ನು ಮುಟ್ಟಲು ಬಗ್ಗಿದೆ.

"ನಮಸ್ಕಾರ ಆಮೇಲ್ ಮಾಡು, ಮೊದ್ಲು ತುಳಿ ಕಣೇ!"

ತುಳಿದೆ. ಅವರ ಬೆನ್ನುಮೂಳೆ ಅಂಗಾಲಿಗೆ ಒತ್ತಿತು. ಎರಡೂ ಕೈಯಲ್ಲಿ ಮಗುವನ್ನು ಎತ್ತಿಕೊಂಡೆ. ಭಾರ ಕಳೆದ ಕೊಂಬೆ ಮೇಲಕ್ಕೆ ನೆಗೆಯಿತು, ಬುಡದಲ್ಲೇನೋ ಲಟಕ್ಕೆಂದಿತು. "ಬನ್ನಿ, ಬನ್ನಿ!" ಎಂದು ಸಾಹೇಬರು ಕೂಗಿದರು. ಹೇಗೆ ಇಳಿದೆನೋ, ಅತ್ತೆಯನ್ನು ಎಬ್ಬಿಸಿದವರು ಯಾರೋ, ಹೊಲದ ನಡುವೆ ಹೋಗಿ ನಿಂತಿದ್ದಷ್ಟೇ ನೆನಪು. ಮಗು ಎದ್ದಿರಲೂ ಇಲ್ಲ.

ಗಂಡ ಬಂದಾಗ ಮರ ನಿಂತೇ ಇತ್ತು. ಜೋಲಿ ಬಿಚ್ಚಿ ತರುತ್ತೇನೆಂದು ಹೊರಟವರನ್ನು ಅತ್ತೆ ರಟ್ಟೆ ಹಿಡಿದು ನಿಲ್ಲಿಸಿದರು. ಅಷ್ಟರಲ್ಲಿ ಅವರ ಬೆನ್ನ ಮೇಲಿನ ಕೆಸರು ಹೆಜ್ಜೆ ಮಗನ ಕಣ್ಣಿಗೆ ಬಿತ್ತು.

"ಯಾರಮ್ಮಾ ತುಳ್ದಿದ್ದು?"

"ನಿನ್ ಹೆಂಡ್ತಿ. ಎತ್ತರುಕ್ ಕಟ್ಟು ಅಂದೋಳು ನಾನು, ಕಟ್ಟಿದೋನು ನೀನು. ನಂದು ತೀರ್ತು, ಈಗ ನೀನ್ ಬಗ್ಗು."

ಸಾಹೇಬರು ನಕ್ಕರು. ನನಗೆ ನಗು ಬರಲಿಲ್ಲ. ಮಗುವಿನ ಕುಲಾವಿಯ ದಾರವನ್ನು ಬಿಚ್ಚಿ ಮತ್ತೆ ಕಟ್ಟುತ್ತಾ ನಿಂತೆ.

ಮೂರನೆಯ ದಿನ ಮಧ್ಯಾಹ್ನ, ಗಾಳಿಯೇ ಇಲ್ಲದಾಗ, ಮರ ಜೋಲಿಯ ಮೇಲೇ ಮಲಗಿತು.