ಎಣ್ಣೆ ಹಚ್ಚಿದ ಹಗ್ಗ

ನನ್ನ ಸ್ಯಾಡಲ್ಲನ್ನು ಮೊದಲ ಸಲ ನೋಡಿದಾಗ ಮಗಳು, "ಅಮ್ಮಾ, ದಿಸ್ ಈಸ್ ಅ ಡೈಪರ್" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸೊಂಟದ ಹಿಂದೆ ಬರುವ ಅಗಲವಾದ ಬಟ್ಟೆಯ ಪಟ್ಟಿ, ತೊಡೆಗೊಂದೊಂದು ಬೆಲ್ಟು, ಮುಂದೆ ಕೊಂಡಿ ಸಿಕ್ಕಿಸಲು ಒಂದು ಕುಣಿಕೆ, ಅಷ್ಟೇ. ಮಡಚಿದರೆ ಊಟದ ಡಬ್ಬಿಯ ಚೀಲದಲ್ಲಿ ಹಿಡಿಯುತ್ತದೆ. ಇದನ್ನು ಕಟ್ಟಿಕೊಂಡು, ಹದಿನೆಂಟು ಅಡಿ ಎತ್ತರದಲ್ಲಿ ಓಕ್ ಮರಕ್ಕೆ ಮುಖ ಮಾಡಿ ಒರಗಿ, ಬಿಲ್ಲನ್ನು ಪಕ್ಕದಲ್ಲಿ ತೂಗುಹಾಕಿ, ಜಿಂಕೆಗಾಗಿ ಮೂರು ನಾಲ್ಕು ಗಂಟೆ ಕಾಯುತ್ತೇನೆ ಎಂದರೆ ನಾವು ಬಂದು ನೆಲೆಸಿದ ಡ್ಯಾನ್‌ವಿಲ್ಲಿನ ನನ್ನ ಕನ್ನಡದ ಗೆಳತಿಯರು ಮೆಲ್ಲಗೆ ಮಾತು ಬದಲಿಸುತ್ತಾರೆ.

ನನಗೀಗ ಐವತ್ತೊಂದು. ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಕೆಲಸ. ಎತ್ತರ ಐದು ಅಡಿಗೆ ಒಂದಿಂಚು ಕಡಿಮೆ, ಅರ್ಜಿಗಳಲ್ಲಿ ಮಾತ್ರ ಪೂರ್ತಿ ಐದು. ಮಗಳನ್ನು ಬಿಲ್ಲುಗಾರಿಕೆಯ ಕ್ಲಾಸಿಗೆ ಬಿಡಲು ಹೋಗುತ್ತಿದ್ದೆ. ಅವಳು ಮೂರೇ ವಾರಕ್ಕೆ ಬೇಸರಪಟ್ಟು ಬಿಟ್ಟಳು, ಕಾಯುತ್ತಾ ಕೂತಿದ್ದ ನಾನು ಅಂಟಿಕೊಂಡೆ. ಅಲ್ಲಿಂದ ಬೇಟೆಗೆ ಕರೆದೊಯ್ದವರು ಪಕ್ಕದ ಮನೆಯ ಹಿರಿಯರು. ಆಯುಷ್ಯವಿಡೀ ಕರೆಂಟು ಕಂಬ ಹತ್ತಿ ನಿವೃತ್ತರಾದ ಲೈನ್‌ಮನ್. ಮಾತು ಕಡಿಮೆ, ಹೇಳಿದ್ದನ್ನು ಎರಡನೇ ಸಲ ಹೇಳುವ ಅಭ್ಯಾಸವಿಲ್ಲ.

ಮೊದಲ ವರ್ಷ ನಾನು ಎಲ್ಲರಂತೆ ಮರಕ್ಕೆ ಕಟ್ಟುವ ಸ್ಟ್ಯಾಂಡು ಕೊಂಡೆ. ಸ್ಟ್ಯಾಂಡು ಎಂದರೆ ಒಂದು ಕಬ್ಬಿಣದ ಕುರ್ಚಿ, ಅದಕ್ಕೊಂದು ಕಾಲುಮಣೆ, ಸರಪಳಿ. ಆರಡಿ ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಅದನ್ನು ಬೆನ್ನಿಗೇರಿಸಿ ಗುಡ್ಡ ಹತ್ತುವಾಗ ಟಣ್ ಟಣ್ ಸದ್ದು, ಮೈಯೆಲ್ಲ ಬೆವರು. ನಾನು ಬರುವ ಸುದ್ದಿ ಜಿಂಕೆಗಳಿಗೆ ನನಗಿಂತ ಮೊದಲೇ ತಲುಪುತ್ತಿತ್ತು. ಒಂದು ದಿನ ಗುಡ್ಡದ ಅರ್ಧಕ್ಕೇ ಅದನ್ನಿಳಿಸಿ, ಅದರ ಮೇಲೇ ಕೂತು ಅತ್ತುಬಿಟ್ಟೆ. ಬೇಟೆಯೇ ಬೇಡ ಎಂದು ಆ ಹಿರಿಯರಿಗೆ ಹೇಳಿಯೂ ಹೇಳಿದೆ. ಅವರು ಮಾರನೆಯ ವಾರ ಈ ಸ್ಯಾಡಲ್ಲನ್ನು ತಂದು ನಮ್ಮ ಹಿತ್ತಲ ಓಕ್ ಮರಕ್ಕೆ ಕಟ್ಟಿ, ಇದರಲ್ಲಿ ಕೂತು ನೋಡು ಎಂದರು.

ಇದರಲ್ಲಿ ಮೈಭಾರವೆಲ್ಲ ಹಗ್ಗದ ಮೇಲೆ. ಮರ ಹತ್ತುವಾಗ ಸೊಂಟದಿಂದ ಕಾಂಡವನ್ನು ಸುತ್ತಿ ಬರುವ ಹಗ್ಗವೊಂದು. ಮೇಲೆ ಮುಟ್ಟಿದ ಮೇಲೆ ತಲೆಯ ಮಟ್ಟಕ್ಕೆ ಕಟ್ಟಿ, ಒರಗಿಕೊಳ್ಳುವ ಹಗ್ಗ ಇನ್ನೊಂದು. ಆ ಎರಡನೆಯದರ ಮೇಲೆ ತೆಳುವಾದ ಹುರಿಯಿಂದ ಸುತ್ತಿದ ಗಂಟಿದೆ, ನನ್ನ ಕೊಂಡಿ ಸಿಕ್ಕಿಕೊಳ್ಳುವುದು ಆ ಗಂಟಿಗೆ. ಭಾರವಿಲ್ಲದಾಗ ಅದು ಮೇಲೆ ಕೆಳಗೆ ಸರಾಗವಾಗಿ ಜರುಗುತ್ತದೆ. ಭಾರ ಬಿದ್ದರೆ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಆ ಕಚ್ಚಿ ಹಿಡಿಯುವುದೇ ಜೀವ. ಹಿರಿಯರು ಒಂದು ಕ್ರಮ ಕಲಿಸಿದ್ದರು: ಎಷ್ಟೇ ಹೊತ್ತಾಗಿರಲಿ, ಮೊದಲು ನೆಲದಿಂದ ಒಂದಡಿ ಮೇಲಷ್ಟೇ ನೇತಾಡಿ, ಮೂರು ಸಲ ಕುಪ್ಪಳಿಸಿ, ಆಮೇಲೆ ಮರ ಹತ್ತಬೇಕು. ಮೊದಲೆರಡು ವರ್ಷ ಪ್ರತಿ ಸಲ ಮಾಡಿದೆ. ಕೈ ಪಳಗಿದ ಮೇಲೆ ಬಿಟ್ಟೆ. ಆಸ್ಪತ್ರೆಯಲ್ಲಿ ಪ್ರತಿ ಮಾತ್ರೆಯನ್ನೂ ಎರಡೆರಡು ಸಲ ನೋಡುವವಳು ನನ್ನ ಹಗ್ಗದ ವಿಷಯದಲ್ಲಿ ಬಲು ಉದಾರಿಯಾಗಿದ್ದೆ.

ಇನ್ನು ನಮ್ಮ ಅತ್ತೆಯವರ ವಿಷಯ. ಮಾವ ತೀರಿಕೊಂಡ ಮೇಲೆ ವರ್ಷದಲ್ಲಿ ಆರು ತಿಂಗಳು ಮೈಸೂರಿನಿಂದ ಬಂದು ನಮ್ಮ ಜೊತೆ ಇರುತ್ತಾರೆ. ನನ್ನ ತವರಿನಲ್ಲಿ ಭಾನುವಾರವೆಂದರೆ ಕೋಳಿ ಸಾರು. ಗಂಡನ ಮನೆಯಲ್ಲಿ ಈರುಳ್ಳಿಗೂ ವಾರದಲ್ಲಿ ಎರಡು ದಿನ ರಜೆ. ನಮ್ಮ ಮದುವೆಯನ್ನು ಅವರು ತಡೆಯಲಿಲ್ಲ, ಮೆಚ್ಚಲೂ ಇಲ್ಲ. ಇಪ್ಪತ್ತಮೂರು ವರ್ಷದಲ್ಲಿ ನಮ್ಮಿಬ್ಬರ ನಡುವೆ ಒಂದು ಜೋರು ಮಾತು ಬಂದಿರಲಿಲ್ಲ. "ನಿಮ್ಮಂಥ ಅತ್ತೆ ಸೊಸೇನ ನಾನು ನೋಡೇ ಇಲ್ಲ ಕಣೆ" ಎಂದು ಗೆಳತಿಯರು ಹೊಗಳುತ್ತಿದ್ದರು. ನಾನು ನಗುತ್ತಿದ್ದೆ. ಅವರೆದುರು ನಾನು ಪರೀಕ್ಷೆ ಬರೆಯುವವಳಂತೆ ಇರುತ್ತಿದ್ದೆ ಎಂಬುದು ಗೆಳತಿಯರಿಗೆ ಕಾಣುತ್ತಿರಲಿಲ್ಲ.

ಬೇಟೆಯ ಮಾಂಸ ನಮ್ಮ ಮನೆಗೆ ಬರುವುದಿಲ್ಲ. ಇಷ್ಟು ವರ್ಷದಲ್ಲಿ ಸಿಕ್ಕಿದ್ದೇ ಎರಡು ಜಿಂಕೆ, ಎರಡೂ ಪಕ್ಕದ ಮನೆಯ ಫ್ರೀಜರಿಗೆ ಹೋದವು. ಅಲ್ಲೇ ಬೇಯಿಸಿ, ಅಲ್ಲೇ ತಿಂದು, ಸ್ನಾನ ಮಾಡಿ ಒಳಗೆ ಬರುತ್ತಿದ್ದೆ. ಅತ್ತೆ ಅದರ ಬಗ್ಗೆ ಒಂದು ಮಾತನ್ನೂ ಆಡಿದವರಲ್ಲ. ಶನಿವಾರ ನಾನು ಹೊರಟರೆ ಕಿಟಕಿಯ ಪರದೆ ಸರಿಮಾಡುತ್ತಾ ನಿಲ್ಲುತ್ತಿದ್ದರು.

ಹೋದ ವರ್ಷದ ಆಯುಧಪೂಜೆಗೆ ಸಾಂಟಾ ಕ್ಲಾರಾದ ಅಂಗಡಿಯಿಂದ ಬೂದುಗುಂಬಳಕಾಯಿ, ಬಾಳೆಎಲೆ ತಂದಿದ್ದೆವು. ಅತ್ತೆ ಬೆಳಗ್ಗೆಯೇ ಗ್ಯಾರೇಜು ತೊಳೆಸಿ, ಕಾರು, ಗಂಡನ ಡ್ರಿಲ್ಲು, ಮಗಳ ಲ್ಯಾಪ್‌ಟಾಪು, ಕುಕ್ಕರು, ತಮ್ಮ ಹೊಲಿಗೆ ಮೆಷಿನ್ನು, ಎಲ್ಲವನ್ನೂ ಸಾಲಾಗಿ ಇಡಿಸಿದರು. ಮೈಸೂರಿನಲ್ಲಿ ಅವರು ಮೂವತ್ತು ವರ್ಷ ರವಿಕೆ ಹೊಲಿದು ಮನೆ ನಡೆಸಿದವರು. ಪೂಜೆಯ ಹಿಂದಿನ ದಿನ ಮೆಷಿನ್ನನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಡದೆ ಅವರು ಯಾವತ್ತೂ ಕುಂಕುಮ ಇಟ್ಟಿದ್ದಿಲ್ಲ. ಒಣಗಿದ ಉಪಕರಣಕ್ಕೆ ಪೂಜೆ ಮಾಡುವುದು ಹಸಿದವರಿಗೆ ಹಾರ ಹಾಕಿದ ಹಾಗೆ ಎನ್ನುತ್ತಿದ್ದರು.

ನಾನು ಡ್ಯೂಟಿ ಮುಗಿಸಿ ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತುಬಿಟ್ಟೆ. ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ನನ್ನ ಬಿಲ್ಲು. ಅದರ ಪಕ್ಕದಲ್ಲಿ ನೀಟಾಗಿ ಮಡಚಿದ ಸ್ಯಾಡಲ್ಲು, ಸುರುಳಿ ಸುತ್ತಿದ ಹಗ್ಗಗಳು, ಎಲ್ಲದಕ್ಕೂ ಅರಿಶಿನ, ಕುಂಕುಮ, ಒಂದೊಂದು ಚೆಂಡುಹೂವು. ಅತ್ತೆ ನನ್ನ ಕಡೆ ನೋಡದೆಯೇ, "ಹೊಲಿಗೆ ಚೆನ್ನಾಗಿದೆ ಕಣಮ್ಮ ಇದರದ್ದು. ಮೂರು ಸಾಲು ಹಾಕಿದಾರೆ" ಎಂದರು.

ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ ಹೋಗಿ ನಾನು ಅತ್ತೆ ಕಾಣದ ಹಾಗೆ ಕಣ್ಣೊರೆಸಿಕೊಂಡೆ. ನನ್ನದು ಎಂಬ ಏನನ್ನೂ ಅವರು ಅಷ್ಟು ಹತ್ತಿರಕ್ಕೆ ತೆಗೆದುಕೊಂಡದ್ದನ್ನು ನಾನು ನೋಡಿರಲಿಲ್ಲ. ನನಗೆ ಅಂದು ಆದ ಸಂತೋಷವನ್ನು ಮುಚ್ಚಿಟ್ಟು ಬರೆಯಲಾರೆ, ಮದುವೆಯ ದಿನಕ್ಕಿಂತ ಹೆಚ್ಚಿನದಾಗಿತ್ತು.

ಶನಿವಾರ ಮಧ್ಯಾಹ್ನ ಹಿರಿಯರ ಸ್ನೇಹಿತರ ಜಮೀನಿಗೆ ಹೋದೆವು. ಸಿಯೆರಾ ಬೆಟ್ಟಗಳ ಬುಡದಲ್ಲಿ, ಎರಡೂವರೆ ಗಂಟೆಯ ದಾರಿ. ಮಂಡಿ ನೋವಿನಿಂದ ಹಿರಿಯರು ಈಗ ಮರ ಹತ್ತುವುದಿಲ್ಲ, ಟ್ರಕ್ಕಿನಲ್ಲೇ ಉಳಿದರು. ನಾನೊಬ್ಬಳೇ ಹಳ್ಳದ ಪಕ್ಕದ ಓಕ್ ಮರದ ಬುಡಕ್ಕೆ ನಡೆದೆ. ಹೊತ್ತಾಗಿತ್ತು, ಬಿಸಿಲು ಇಳಿಯುತ್ತಿತ್ತು, ಸೀದಾ ಹತ್ತಿಬಿಡುವ ಆತುರ. ಹಗ್ಗ ಬಿಚ್ಚಿದಾಗ ಅದರ ಮೇಲಿನ ಕುಂಕುಮ ಕಣ್ಣಿಗೆ ಬಿತ್ತು. ಪೂಜೆಯಾದ ವಸ್ತುವನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಎಲ್ಲರೂ ಮಾಡುವಂತೆ ಅದನ್ನು ಕಣ್ಣಿಗೊತ್ತಿಕೊಂಡೆ.

ರೆಪ್ಪೆಗೆ ಜಿಡ್ಡು ತಾಗಿತು. ಮೂಗಿಗೆ ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ.

ತಕ್ಷಣಕ್ಕೆ ಅರ್ಥವಾಗಲಿಲ್ಲ ಎಂದರೆ ನಂಬಬೇಕು. ಸುಮ್ಮನೆ ಏನೋ ಕಸಿವಿಸಿಯಾಗಿ, ಬಿಟ್ಟುಹೋಗಿದ್ದ ಅಭ್ಯಾಸವನ್ನು ಅಂದು ಮಾಡಿದೆ. ಹಗ್ಗವನ್ನು ತಲೆಯ ಮಟ್ಟಕ್ಕೆ ಕಟ್ಟಿ, ಗಂಟಿಗೆ ಕೊಂಡಿ ಸಿಕ್ಕಿಸಿ, ಹಿಂದಕ್ಕೆ ಒರಗಿ ಕಾಲೆತ್ತಿದೆ. ಗಂಟು ಕಚ್ಚಲೇ ಇಲ್ಲ. ಜರ್ರನೆ ಜಾರಿತು, ನಾನು ಒಣಗಿದ ಎಲೆಗಳ ಮೇಲೆ ಧೊಪ್ಪೆಂದು ಕೂತೆ.

ಹಾಗೇ ಕೂತು ಹಗ್ಗವನ್ನು ಉದ್ದಕ್ಕೂ ಬೆರಳಲ್ಲಿ ಹಿಡಿದು ನೋಡಿದೆ. ಅತ್ತೆ ಎಲ್ಲೂ ಕೊರತೆ ಮಾಡಿರಲಿಲ್ಲ. ಹಗ್ಗದ ಉದ್ದಕ್ಕೆ, ಗಂಟಿನ ಒಳಸುತ್ತಿಗೆ, ಕೊಂಡಿಯ ಸಂದಿಗೆ, ಎಲ್ಲ ಕಡೆಗೂ ಎಣ್ಣೆ ತಿಕ್ಕಿದ್ದರು. ತಲೆಯೆತ್ತಿ ಹದಿನೆಂಟು ಅಡಿ ಮೇಲಿನ ಕೊಂಬೆಯನ್ನು ನೋಡಿದೆ. ಹಗ್ಗವನ್ನು ಸುರುಳಿ ಸುತ್ತಿಕೊಂಡು ಎದ್ದೆ.

ಟ್ರಕ್ಕಿಗೆ ಮರಳಿದಾಗ ಹಿರಿಯರು ಹಗ್ಗವನ್ನು ಮೂಸಿದರು. ನಾನು ಆಯುಧಪೂಜೆಯ ಕಥೆ ಹೇಳಿದೆ, ಕ್ರಮ ಬಿಟ್ಟಿದ್ದನ್ನೂ ಒಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಚಾಕು ತೆಗೆದು ಎರಡೂ ಹಗ್ಗಗಳನ್ನು, ಹುರಿಯ ಗಂಟನ್ನೂ ಗೇಣುದ್ದದ ತುಂಡು ಮಾಡಿದರು. ಎಣ್ಣೆ ಹಗ್ಗವನ್ನು ಕೆಡಿಸಿದೆಯೋ ಇಲ್ಲವೋ ಗೊತ್ತಿಲ್ಲ, ಅನುಮಾನವಿರುವ ಹಗ್ಗ ಇಡಿಯಾಗಿ ಉಳಿಯಬಾರದು, ಯಾರಾದರೂ ಅದರಲ್ಲಿ ನೇತಾಡಿಯಾರು ಎಂದರು. ಮನೆ ಹತ್ತಿರ ಬಂದಾಗ ಇನ್ನೊಂದು ಮಾತು ಹೇಳಿದರು. ಹಗ್ಗ ಮುಟ್ಟುವ ಪ್ರತಿಯೊಬ್ಬರಿಗೂ ಹಗ್ಗದ ವಿಷಯ ಗೊತ್ತಿರಬೇಕು, ನಿಮ್ಮ ಅತ್ತೆಗೆ ಹೇಳು.

ನಾನು ಹೇಳಲಿಲ್ಲ. ಹೇಗೆ ಹೇಳುವುದು? ಇಪ್ಪತ್ತಮೂರು ವರ್ಷಕ್ಕೆ ಒಂದು ಸಲ ಕೈಚಾಚಿದವರಿಗೆ, ನಿಮ್ಮ ಕೈಯಿಂದ ನಾನು ಸಾಯುತ್ತಿದ್ದೆ ಎನ್ನುವುದೇ? ಗಂಡನಿಗೆ ಮಾತ್ರ ತಿಳಿಸಿದೆ. ಅವನು ಬಿಳಿಚಿಕೊಂಡು, "ಅಮ್ಮಂಗೆ ಗೊತ್ತಾದ್ರೆ ನೆಕ್ಸ್ಟ್ ಫ್ಲೈಟಲ್ಲೇ ವಾಪಸ್ ಹೋಗ್ತಾರೆ. ಬಿಟ್ಬಿಡು, ಮುಂದಿನ ವರ್ಷ ಹಗ್ಗ ಬಚ್ಚಿಟ್ರಾಯ್ತು" ಎಂದ. ನನಗೂ ಅದೇ ಬೇಕಾಗಿತ್ತು. ಟ್ರಕ್ಕಿನಿಂದ ತಂದ ತುಂಡುಗಳನ್ನು ಕಸದ ಡಬ್ಬಿಗೆ ಹಾಕಿದೆ. ಹೊಸ ಹಗ್ಗ ಬಂತು, ಗ್ಯಾರೇಜಿನ ಮೊಳೆಗೆ ನೇತುಹಾಕಿದೆ.

ಹತ್ತು ದಿನ ಕಳೆದಿರಬೇಕು. ಅಡುಗೆಮನೆಯಲ್ಲಿ ನಾನು ಕೊತ್ತಂಬರಿ ಸೋಸುತ್ತಿದ್ದೆ. ಅತ್ತೆ ಬಂದು ಎದುರು ಕೂತರು.

"ನಾನು ಪೂಜೆ ಮಾಡಿದ ಹಗ್ಗ ಎಲ್ಲಮ್ಮ?"

"ಹಳೇದಾಗಿತ್ತು ಅತ್ತೆ. ಬದಲಾಯಿಸ್ದೆ."

"ಕಸದ ಡಬ್ಬೀಲಿ ತುಂಡು ತುಂಡು ನೋಡ್ದೆ. ಕುಂಕುಮ ಹಾಗೇ ಇತ್ತು." ಕೊತ್ತಂಬರಿಯ ಒಂದು ಕಡ್ಡಿ ಎತ್ತಿಕೊಂಡು ಹೇಳಿದರು, "ನಾನು ಮುಟ್ಟಿದ್ದು ನಿಂಗೆ ಬೇಡವಾಗಿದ್ರೆ ಹೇಳ್ಬೋದಾಗಿತ್ತು. ಕತ್ತರಿಸೋ ಅಷ್ಟು ಕೋಪ ಇತ್ತು ಅಂತ ಗೊತ್ತಿರ್ಲಿಲ್ಲ."

ಅವರ ಮುಖ ನೋಡಿದೆ. ನೋವಾಗಬಾರದೆಂದು ನಾನು ಮುಚ್ಚಿಟ್ಟದ್ದು ಅವರಿಗೆ ಎಷ್ಟು ನೋವು ಕೊಟ್ಟಿದೆ ಎಂದು ಕಂಡಿತು. ಕೈಯಲ್ಲಿದ್ದ ಕೊತ್ತಂಬರಿ ಅಲ್ಲೇ ಬಿಟ್ಟು, ಎಣ್ಣೆ, ಗಂಟು, ಜಾರಿದ್ದು, ಚಾಕು, ಎಲ್ಲವನ್ನೂ ಹೇಳಿದೆ. ಅತ್ತೆ ಎಲ್ಲ ಕೇಳಿದ ಮೇಲೆ ಎದ್ದು ತಮ್ಮ ಕೋಣೆಗೆ ಹೋದರು. ಊಟಕ್ಕೆ ಬರಲಿಲ್ಲ. ಗಂಡ ನನ್ನನ್ನು ನೋಡಿ ತಲೆ ಆಡಿಸಿದ, ನಾನು ಹೇಳಿದ್ದೆನಲ್ಲ ಎನ್ನುವಂತೆ.

ಮಾರನೆಯ ಬೆಳಗ್ಗೆ ಅತ್ತೆ ಸ್ನಾನ ಮುಗಿಸಿ, ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು, ನನಗಿಂತ ಮೊದಲೇ ಹಿತ್ತಲಿನಲ್ಲಿದ್ದರು. "ತೋರಿಸು" ಎಂದರು. ಹೊಸ ಹಗ್ಗ ಕಟ್ಟಿ, ಒಂದಡಿ ಮೇಲೆ ನೇತಾಡಿ ತೋರಿಸಿದೆ. ಅವರು ಬಗ್ಗಿ, ಕನ್ನಡಕ ಮೇಲೇರಿಸಿ, ಗಂಟನ್ನು ಸೂಜಿಗೆ ದಾರ ಪೋಣಿಸುವವರಂತೆ ಹತ್ತಿರದಿಂದ ನೋಡಿದರು. ಬೆರಳಿಟ್ಟು ತಳ್ಳಿದರು. ಅದು ಅಲ್ಲಾಡಲಿಲ್ಲ.

"ಒಣಗಿದ್ರೇನೇ ಹಿಡಿಯೋದು."

"ಹೂಂ ಅತ್ತೆ."

"ಇದನ್ನ ನಂಗೆ ಮೊದಲೇ ತೋರಿಸ್ಬೋದಾಗಿತ್ತು ನೀನು."

"ನೀವು ಕೇಳ್ಲಿಲ್ಲ."

"ಕೇಳ್ಲಿಲ್ಲ ನಿಜ." ಅವರು ಗಂಟಿನ ಮೇಲಿನ ಬೆರಳು ತೆಗೆಯಲಿಲ್ಲ. "ನಿಮ್ಮಮ್ಮ ಹಿಂಗೆ ಎಣ್ಣೆ ಹಚ್ಚಿದ್ರೆ ಏನ್ಮಾಡ್ತಿದ್ದೆ?"

ನಾನು ನೇತಾಡುತ್ತಲೇ ಯೋಚಿಸಿದೆ. ಸುಳ್ಳು ಹೇಳುವ ಭಂಗಿಯಲ್ಲಿ ನಾನಿರಲಿಲ್ಲ. "ಕಾಡಿಂದಲೇ ಫೋನ್ ಮಾಡಿ ಬೈತಿದ್ದೆ."

"ಮತ್ತೆ ನಂಗ್ಯಾಕೆ ಬೈಲಿಲ್ಲ?"

ಅವರು ಕಾಯುತ್ತಾ ನಿಂತೇ ಇದ್ದರು, ಕೈ ಹಗ್ಗದ ಮೇಲೆ, ಕಣ್ಣು ನನ್ನ ಮೇಲೆ. ಆಗ ಬೈದೆ. ಮೊದಲು ಮೆಲ್ಲಗೆ ಶುರುಮಾಡಿದೆ, ಆಮೇಲೆ ದನಿ ತಾನಾಗಿ ಏರಿತು. "ಕೇಳದೆ ಯಾಕೆ ಹಚ್ಚಿದ್ರಿ ಅತ್ತೆ? ನಾನು ಅಷ್ಟು ಎತ್ತರದಲ್ಲಿ ಇರ್ತೀನಿ, ನಿಮಗೆ ಗೊತ್ತಿಲ್ವಾ? ನಂಗೇನಾದ್ರೂ ಆಗಿದ್ರೆ?" ಎನ್ನುವಷ್ಟರಲ್ಲಿ ಗಂಡ ಬಾಗಿಲು ತೆರೆದು ಇಣುಕಿ, ಹಾಗೇ ಮುಚ್ಚಿಕೊಂಡ.

ಅತ್ತೆ ಎರಡೂ ಕೈಯಿಂದ ನನ್ನ ಕೆನ್ನೆ ಹಿಡಿದುಕೊಂಡರು. ನೇತಾಡುತ್ತಿದ್ದುದರಿಂದ ನನ್ನ ಮುಖ ಸರಿಯಾಗಿ ಅವರ ಮುಖದ ಎತ್ತರಕ್ಕಿತ್ತು.

"ತಪ್ಪಾಯ್ತು ಮಗಳೆ" ಎಂದರು. "ಇನ್ನೂ ಇದ್ರೆ ಅದನ್ನೂ ಬೈದ್ಬಿಡು."