ಮಾವನ ಕೋಶಗಳು ಸತ್ತ ದಿನ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನ ಸೋದರಮಾವನ ಬಲಗೈ ಪಾರ್ಕಿನ್ಸನ್ ಕಾಯಿಲೆಯಿಂದ ನಡುಗುತ್ತದೆ. ನಾನು ಕೆಲಸ ಮಾಡುವುದು ಅದೇ ಕಾಯಿಲೆಯ ಪ್ರಯೋಗಾಲಯದಲ್ಲಿ. ರೋಗಿಯ ಚರ್ಮದ ಚೂರಿನಿಂದ ಕಾಂಡಕೋಶ ಮಾಡಿ, ಅವನ್ನು ಮಿದುಳಿನ ಕೋಶಗಳಾಗಿ ಬೆಳೆಸಿ, ಅವು ಯಾಕೆ ಸಾಯುತ್ತವೆಂದು ನೋಡುತ್ತೇವೆ. ಇದು ತಿಳಿದದ್ದೇ ಮಾವ ತಾನಾಗಿ ಆಸ್ಪತ್ರೆಗೆ ಬಂದು ಚರ್ಮ ಕೊಟ್ಟ.

"ಇದರಿಂದ ನಿನ್ನ ಕೈ ಆರಾಮ ಆಗಂಗಿಲ್ಲ ಮಾವಾ," ಎಂದಿದ್ದೆ.

"ಗೊತ್ತೈತಿ ತೊಗೋ. ಮುಂದ ಯಾರಿಗರೆ ಉಪಯೋಗ ಆಕ್ಕೈತಿ."

ಅಂದಿನಿಂದ ದಿನವೂ ಮಾವನ ಫೋನು. "ನನ್ನವು ಉಂಡಾವೇನು?" ಕೋಶಗಳಿಗೆ ಭಾನುವಾರವೂ ಆಹಾರದ ದ್ರವ ಬದಲಿಸಬೇಕು. ರಾಣೆಬೆನ್ನೂರಿನಲ್ಲಿ ತಂಗಿಯ ನಿಶ್ಚಿತಾರ್ಥ ಮುಗಿಯುತ್ತಲೇ ನಾನು ಹೊರಟಾಗ ಅತ್ತೆ, "ಎಮ್ಮಿ ಕಟ್ಟೀಯೇನವ್ವಾ, ದಿನಾ ಹಿಂಡಾಕ?" ಎಂದಳು. ಮಾವ ನನ್ನ ಪರ ನಿಂತ. "ಬಿಡ ಅಕಿನ್ನ. ಅಲ್ಲಿ ನಾ ಉಪವಾಸ ಬೀಳ್ತೇನಿ."

ಒಂದು ಬೆಳಿಗ್ಗೆ ನೋಡಿದರೆ ಮಾವನ ಕೋಶಗಳಿದ್ದ ತಟ್ಟೆಗಳಿಗೆಲ್ಲ ಬೂಸ್ಟು ಹಿಡಿದಿತ್ತು. ಎಲ್ಲವನ್ನೂ ಎಸೆದು, ಅಳುತ್ತ ಫೋನ್ ಮಾಡಿದೆ. "ಎಲ್ಲಾ ಮುಗೀತು ಮಾವಾ. ಬೆಳಿಗ್ಗೆ ನೋಡೂದ್ರಾಗ ಜೀವ ಇರಲಿಲ್ಲ."

ಫೋನ್ ಎತ್ತಿದ್ದವಳು ಅತ್ತೆ. ಮಾವ ಬಚ್ಚಲಲ್ಲಿದ್ದ. ನನ್ನ ಅಳು ಕೇಳಿ, ಹಾವೇರಿಯಲ್ಲಿರುವ ನನ್ನ ಅವ್ವನೇ ತೀರಿಕೊಂಡಳೆಂದುಕೊಂಡು ಅತ್ತೆ ಫೋನ್ ಬಿಟ್ಟು ಅಳತೊಡಗಿದಳು. ಮಾವ ಟವೆಲ್ ಸುತ್ತಿಕೊಂಡು ಹೊರಬರುವಷ್ಟರಲ್ಲಿ ಓಣಿಯವರೆಲ್ಲ ಸೇರಿದ್ದರು. ನೆರೆಯವನೊಬ್ಬ ಹಾವೇರಿಗೆ ಫೋನ್ ಹಚ್ಚಿ, "ಮಣ್ಣು ಮಾಡೂದು ಎಷ್ಟೊತ್ತಿಗ್ರಿ?" ಎಂದು ಕೇಳಿಯೇ ಬಿಟ್ಟಿದ್ದ.

ಅತ್ತ ಕಡೆಯಿಂದ ಅವ್ವನೇ, "ಯಾರದಪಾ?" ಎಂದಳು.

ಅವನು ಫೋನನ್ನು ಮಾವನ ಕೈಗೆ ಕೊಟ್ಟನಂತೆ. ಅವ್ವ ಮೊದಲು ಮಾವನನ್ನು, ಆಮೇಲೆ ಅರ್ಧ ತಾಸು ನನ್ನನ್ನು ಬೈದಳು.

ಸಂಜೆ ಹೆದರುತ್ತಲೇ ಮಾವನಿಗೆ ನಿಜ ಹೇಳಿದೆ.

"ಬೂಸ್ಟ ಏನು?" ಮಾವ ನಕ್ಕ. "ಹಸೀ ಮಾಲ ತುಂಬಿದ್ರ ನಮ್ಮಲ್ಲೂ ಚೀಲಕ್ಕ ಚೀಲಾನ ಹೋಗ್ತಾವ. ಕೋಲ್ಡ್ ಸ್ಟೋರೇಜಿನ್ಯಾಗ ಒಂದೀಟು ಇಟ್ಟೀಯಿಲ್ಲೋ?"

ಇಟ್ಟಿದ್ದೆ. ಹೆಪ್ಪುಗಟ್ಟಿಸಿ ಕಾದಿರಿಸಿದ್ದ ಕೋಶಗಳನ್ನು ಮರುದಿನ ಕರಗಿಸಿದೆ. ಈ ಸಲ ಅವು ಬದುಕಿದವು. ಎರಡು ತಿಂಗಳಲ್ಲಿ ಎಳೆ ಚಾಚಿದ ನರಕೋಶಗಳ ಫೋಟೊ ಕಳಿಸಿದೆ. ಮಾವ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಅಂಗಡಿಯಲ್ಲಿ ತೂಗುಹಾಕಿದ.

ಮೊನ್ನೆ ನಾನು ಹೋದಾಗ ಮೆಣಸಿನಕಾಯಿ ಚೀಲ ತಂದಿದ್ದ ಗುತ್ತಲದ ರೈತನೊಬ್ಬ ಅದನ್ನೇ ನೋಡುತ್ತಿದ್ದ.

"ಯಾವ ಬೆಳಿ ಬೇರ್ರೀ ಇದು?"

"ಬೇರಲ್ಲೋ, ನನ್ನ ಮಿದುಳು," ಎಂದ ಮಾವ.

ರೈತ ಫೋಟೊ ನೋಡಿದ, ಮಾವನ ತಲೆ ನೋಡಿದ. ಆಮೇಲೆ ಮೆಲ್ಲಗೆ ಚೀಲ ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋದ.