ಎರಡನೇ ಪ್ಲಾಟ್‌ಫಾರ್ಮ್

ನಮ್ಮ ಬೈಲಹೊಂಗಲಕ್ಕೆ ರೈಲಿಲ್ಲ. ಸವದತ್ತಿಗೂ ಇಲ್ಲ, ರಾಮದುರ್ಗಕ್ಕೂ ಇಲ್ಲ. ಕಿತ್ತೂರಿನ ಮೇಲೆ ಹಾಯಬೇಕಾದ ಹಳಿಯ ಸುದ್ದಿಯನ್ನು ಪತ್ರಿಕಾ ಕಚೇರಿಯಲ್ಲಿ ಕೂತು ನಾನೇ ಎಷ್ಟೋ ಸಲ ತಿದ್ದಿದ್ದೇನೆ. ಆದರೆ ನನ್ನ ಷಡ್ಡಕನ ಊರಿಗೆ, ಅಂದರೆ ಹೆಂಡತಿಯ ತಂಗಿಯ ಗಂಡನ ಊರಿಗೆ, ಸ್ಟೇಶನ್ ಇದೆ. ಇಬ್ಬರ ಕೆಲಸವೂ ಧಾರವಾಡದಲ್ಲಿ. ಅವನು ತಿಂಗಳ ಪಾಸಿನಲ್ಲಿ ರೈಲಿಗೆ ಬರುತ್ತಾನೆ. ಅಂಗಿಯ ಇಸ್ತ್ರಿ ಮುರಿದಿರುವುದಿಲ್ಲ. ನಾನು ಬಸ್ಸಿನಲ್ಲಿ ನಿಂತು ಬರುತ್ತೇನೆ.

ಸಂಪಗಾಂವದ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಅವನು ಶುರುಮಾಡುತ್ತಿದ್ದ.

“ಅಣ್ಣಾರ, ನಮ್ಮೂರು ಸಮುದ್ರಕ್ಕಿಂತ ಎಷ್ಟು ಎತ್ತರ ಐತಿ ಅಂತ ಸ್ಟೇಶನ್ ಬೋರ್ಡಿನ ಮ್ಯಾಲೆ ಬರದಾರ. ನಿಮ್ಮೂರಿಂದು ಯಾರನ್ನ ಕೇಳೂದು?”

ಮಾವ ನಗುತ್ತಿದ್ದರು. ನನ್ನ ಮಾತಿಗೆ ಅವರು ಹಾಗೆ ನಕ್ಕಿದ್ದು ನೆನಪಿಲ್ಲ.

ಭಾನುವಾರದ ಪುರವಣಿಗೆ ಅದೇ ಸ್ಟೇಶನ್ನಿನ ಬಗ್ಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಷಡ್ಡಕನಿಗೆ ಹೇಳದೆ ಹೋದೆ. ಅವನನ್ನು ಕೇಳಿದರೆ ಸ್ಟೇಶನ್ ಅವನದೇ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು.

ಕಲ್ಲಿನ ಕಟ್ಟಡ, ಹಂಚಿನ ಮಾಡು. ಮೀಟರ್‌ಗೇಜ್ ಕಾಲದಲ್ಲಿ ಪ್ಲಾಟ್‌ಫಾರ್ಮ್ ತಗ್ಗಾಗಿತ್ತು. ಬ್ರಾಡ್‌ಗೇಜ್ ಬಂದಾಗ ಎತ್ತರಿಸಿದರು. ಹಾಗಾಗಿ ಸ್ಟೇಶನ್ ಮಾಸ್ತರರ ಕೋಣೆಯ ಮುಂದಿನ ಹಳೆಯ ಮೆಟ್ಟಿಲುಗಳಲ್ಲಿ ಈಗ ಒಂದೇ ಕಾಣುತ್ತದೆ, ಉಳಿದವು ಮಣ್ಣಿನಡಿ. ಪಕ್ಕದಲ್ಲಿ ಟಿಕೆಟ್ ಕಿಟಕಿ. ತುದಿಯಲ್ಲಿ ಬೀಗ ಹಾಕಿದ ಗೂಡ್ಸ್ ಶೆಡ್ಡು, ಅದರಾಚೆ ಉಗಿ ಎಂಜಿನ್‌ಗಳಿಗೆ ನೀರು ತುಂಬುತ್ತಿದ್ದ ಕೊಳವೆಯ ಬುಡ. ಎರಡು ಪ್ಲಾಟ್‌ಫಾರ್ಮ್, ನಡುವೆ ದಾಟಲು ಮೇಲ್ಸೇತುವೆ. ಎಲ್ಲವನ್ನೂ ಹೆಜ್ಜೆ ಹಾಕಿ ಅಳೆದೆ. ನಾನಿದ್ದಾಗಲೇ ಧಾರವಾಡಕ್ಕೆ ಹೋಗುವ ಗಾಡಿ ಒಂದನೆಯದಕ್ಕೆ ಬಂತು, ಅದೇ ಹೊತ್ತಿಗೆ ಬೆಳಗಾವಿಗೆ ಹೋಗುವ ಗಾಡಿ ಎರಡನೆಯದಕ್ಕೆ. ಹಾಗೆಯೇ ಬರೆದೆ: ಬೆಳಗಾವಿಗೆ ಹೋಗುವವರು ಎರಡನೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಬೇಕು.

ಅದು ಅಚ್ಚಾದ ಮರುವಾರ ಮಾವ ನೋವಿನ ಮೊಣಕಾಲನ್ನು ಡಾಕ್ಟರಿಗೆ ತೋರಿಸಲು ಬೆಳಗಾವಿಗೆ ಹೊರಟು ಹಿಂದಿನ ರಾತ್ರಿ ಷಡ್ಡಕನ ಮನೆಯಲ್ಲಿ ಉಳಿದರು. ಬೆಳಿಗ್ಗೆ ಅವನು ಅವರನ್ನು ಸ್ಟೇಶನ್ ಬಾಗಿಲಲ್ಲಿ ಇಳಿಸಿ, “ಒಂದನೇದರಾಗ ಕುಂದರ್ರಿ, ಗಾಡಿ ಹಚ್ಚಿ ಬರತೇನಿ” ಎಂದು ಬೈಕ್ ನಿಲ್ಲಿಸಿ ಟಿಕೆಟ್ ತರಲು ಹೋದ. ತಿರುಗಿ ಬಂದಾಗ ಮಾವ ನನ್ನ ಪುರವಣಿ ಹಿಡಿದು, ಹೇಗೋ ಸೇತುವೆ ದಾಟಿ, ಎರಡನೆಯದರಲ್ಲಿ ಕೂತಿದ್ದರು. ರೈಲು ಒಂದನೆಯದಕ್ಕೆ ಬಂತು. ಆ ಮೊಣಕಾಲಲ್ಲಿ ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಹೋಗಿಯೂಬಿಟ್ಟಿತು.

ಸಂಜೆ ಷಡ್ಡಕ ಫೋನ್ ಮಾಡಿದ.

“ಅಣ್ಣಾರ, ಇದು ನಿಮ್ಮ ಬಸ್‌ಸ್ಟ್ಯಾಂಡ್ ಅಲ್ರಿ, ಊರಿಗೊಂದು ಪ್ಲಾಟ್‌ಫಾರ್ಮ್ ಇರಾಕ. ಊರಿಂದ ಊರಿಗೆ ಇರೂದು ಒಂದ ಹಳಿ. ಎದುರಿಗೆ ಇನ್ನೊಂದು ಗಾಡಿ ಬಂದ್ರಷ್ಟ ಎರಡನೇದು. ಇಲ್ಲಂದ್ರ ಎಲ್ಲಾ ಒಂದನೇದಕ್ಕ.”

“ಮಾವಾರು ಏನಂದ್ರು?”

“ನಾ ಕೂಗಿ ಕರದ್ರ, ‘ಪೇಪರ್‌ನ್ಯಾಗ ಎರಡು ಅಂತ ಐತಿ, ದೊಡ್ಡಳಿಯ ಬರದಾನ’ ಅಂದ್ರು.”

ಇಷ್ಟು ವರ್ಷ ನಾನು ಬಯಸಿದ್ದು ಅದನ್ನೇ, ಮಾವ ಅವನಿಗಿಂತ ನನ್ನ ಮಾತು ನಂಬಬೇಕೆಂದು.

“ತಪ್ಪು ನಂದು ಅಂತ ಹೇಳಿದ್ಯೇನು?”

“ಇಲ್ರಿ. ಇವತ್ತೊಂದಿನ ಬದಲಿ ಮಾಡ್ಯಾರ ಅಂದೆ. ಹಿರಿಯಾರ ಮುಂದ ನಿಮ್ಮ ಹೆಸರು ಯಾಕ ಕೆಡಿಸ್ಲಿ.”

ಅವನ ರೈಲಿಗಿಂತ ಈ ಮಾತು ಹೆಚ್ಚು ಉರಿಸಿತು. ಅವನ ಜಾಗದಲ್ಲಿ ನಾನಿದ್ದರೆ ಅದು ನನ್ನ ಬಾಯಿಗೆ ಬರುತ್ತಿರಲಿಲ್ಲ.

ಸುಮ್ಮನಿದ್ದರೆ ಮಾವನಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಬೇರೆ ಓದುಗರೂ ಅಲ್ಲಿ ನಿಲ್ಲುತ್ತಾರೆ. ಮುಂದಿನ ಭಾನುವಾರಕ್ಕೆ ತಿದ್ದುಪಡಿಯನ್ನು ನಾನೇ ಬರೆದೆ. ಅಷ್ಟು ವರ್ಷದ ಕೆಲಸದಲ್ಲಿ ನನ್ನ ಬರಹಕ್ಕೆ ಅದೇ ಮೊದಲನೆಯದು. ಪುಟವನ್ನು ಹಿಡಿದು ಸಂಪಗಾಂವಕ್ಕೆ ಹೋಗಿ ಮಾವನಿಗೆ ಓದಿ ಹೇಳಿದೆ.

ಅವರು ಮೊಣಕಾಲು ಸವರಿಕೊಳ್ಳುತ್ತ ಕೇಳಿಸಿಕೊಂಡರು.

“ಹಂಗಾರ ಒಂದನೇದು ಅಂತ ಸಣ್ಣಳಿಯ ಖರೇನ ಹೇಳಿದ್ನಲ್ಲಪಾ.”

“ಹೌದ್ರಿ.”

“ಫೋನ್ ಹಚ್ಚಿ ಕೊಡು. ನಾಳಿ ಮತ್ತ ಬೆಳಗಾವಿಗೆ ಹೊಂಟೇನಿ, ಗಾಡಿ ಎಲ್ಲಿ ಬರತೈತಿ ಕೇಳತೇನಿ.”

ಹಚ್ಚಿ ಕೊಟ್ಟೆ. ಅತ್ತಕಡೆಯಿಂದ ಅವನೇನೋ ಅಂದ; ಮಾವ ನಕ್ಕರು.